ಐದು ಹೆಸರಿಗೇ ನಿಲ್ಲಿಸಬೇಡ

ಶಿಕಾರಿಪುರ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ.

ಫ್ರೀಡಂ ಪಾರ್ಕಿನಿಂದ ನೀನು ಕಳಿಸಿದ ಫೋಟೊ ನೋಡಿದೆ. ಗೆಳತಿಯರ ಜೊತೆ ಬೋರ್ಡು ಹಿಡಿದು ನಿಂತಿದ್ದೀಯ, ಹಿಂದೆ ಹಳೇ ಜೈಲಿನ ಗೋಡೆ. ನಮ್ಮ ತಾಲ್ಲೂಕಿನ ಈಸೂರಿನ ಐವರನ್ನು 1943ರ ಮಾರ್ಚ್ 8, 9 ಮತ್ತು 10ರಂದು ಗಲ್ಲಿಗೇರಿಸಿದ್ದು ಅದೇ ಸೆಂಟ್ರಲ್ ಜೈಲಿನಲ್ಲಿ. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಜೈಲು ಹೋಗಿ ಪಾರ್ಕ್ ಆದಮೇಲೆ ಅಲ್ಲೇ ನಮ್ಮ ಮನೆಯ ಹುಡುಗಿ ಘೋಷಣೆ ಕೂಗುತ್ತಿದ್ದಾಳಲ್ಲ ಎಂದು ಕಣ್ಣು ತುಂಬಿ ಬಂತು.

ಕಾಲೇಜಿನಲ್ಲಿ ಈಸೂರಿನ ಬಗ್ಗೆ ಮಾತಾಡಬೇಕು, ಜೋಶ್ ಬರುವ ಹಾಗೆ ಬರೆದುಕೊಡಿ ಎಂದು ಕೇಳಿದ್ದೀಯ. ಜೋಶ್‌ಗೆ ಕೊರತೆಯಿಲ್ಲ. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕ್ವಿಟ್ ಇಂಡಿಯಾದ ಕಾವು, 1942ರ ಸೆಪ್ಟೆಂಬರ್. ಕಂದಾಯ ಕೇಳಲು ಬಂದವರ ಕೈಯಿಂದ ಲೆಕ್ಕದ ಪುಸ್ತಕ ಕಿತ್ತುಕೊಂಡರು, ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಏರಿಸಿದರು, ಊರೇ ಸ್ವತಂತ್ರ ಎಂದು ಸಾರಿದರು. ಹುಡುಗರನ್ನೇ ಅಮಲ್ದಾರ (ಈಗಿನ ತಹಶೀಲ್ದಾರ), ಸಬ್ ಇನ್ಸ್‌ಪೆಕ್ಟರ್ ಮಾಡಿದರು. ಇಷ್ಟು ಹೇಳಿದರೆ ಚಪ್ಪಾಳೆ ಬೀಳುತ್ತದೆ. ನಾನೂ ಎಷ್ಟೋ ವರ್ಷ ಇಷ್ಟೇ ಹೇಳಿದೆ.

ಮೇಷ್ಟರಾಗಿದ್ದಾಗ ಒಂದು ಆಗಸ್ಟ್ 15ಕ್ಕೆ ಮಕ್ಕಳಿಂದ ಈ ನಾಟಕ ಆಡಿಸಿದ್ದೆ. ಸರ್ಕಾರದ ಅಮಲ್ದಾರನ ಪಾತ್ರದ ಹುಡುಗನಿಗೆ ಹೊಟ್ಟೆಗೆ ದಿಂಬು ಕಟ್ಟಿ, ಇದ್ದಿಲಿನಲ್ಲಿ ದಪ್ಪ ಮೀಸೆ ಬರೆದಿದ್ದೆವು. ಗಾಂಧಿ ಟೋಪಿ ಹಾಕಿಕೊಳ್ಳಲು ಒಪ್ಪದೆ ಅವನು ಏಟು ತಿಂದು ಬಿದ್ದಾಗ ಜನ ಸಿಳ್ಳೆ ಹೊಡೆದರು. ನಾಟಕ ಮುಗಿದ ಮೇಲೆ ನಲ್ಲಿಯ ಹತ್ತಿರ ಮೀಸೆ ತೊಳೆದುಕೊಳ್ಳುತ್ತಾ ಆ ಹುಡುಗ ಕೇಳಿದ: “ಸಾರ್, ಅವತ್ತು ಅವರ ಮನೇಲಿ ಊಟಕ್ಕೆ ಕಾಯ್ತಾ ಇದ್ರಾ?” ಅವನ ಕೆನ್ನೆಯ ಮೇಲೆ ಕಪ್ಪು ನೀರು ಇಳಿಯುತ್ತಿತ್ತು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಆ ದಿನ ಊರಿಗೆ ಬಂದು ಜನರ ಏಟಿಗೆ ಸತ್ತವರು ಅಮಲ್ದಾರ್ ಚನ್ನಕೃಷ್ಣಪ್ಪ ಮತ್ತು ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ. ಬ್ರಿಟಿಷರಲ್ಲ ಪುಟ್ಟಿ, ಮೈಸೂರು ಮಹಾರಾಜರ ಸರ್ಕಾರದ ಸಂಬಳ ತಿನ್ನುತ್ತಿದ್ದ ನಮ್ಮವರೇ. ಭಾಷಣದಲ್ಲಿ ‘ಬ್ರಿಟಿಷರ ವಿರುದ್ಧ’ ಎಂದುಬಿಟ್ಟರೆ ನಾಲಿಗೆಗೆ ಸಲೀಸು. ಈ ಎರಡು ಹೆಸರು ಹೇಳಲು ಹೋದರೆ ಗಂಟಲು ಕಟ್ಟುತ್ತದೆ. ಕಟ್ಟಿದರೂ ಹೇಳು.

ಹಾಗಂತ ಎರಡನ್ನೂ ತಕ್ಕಡಿಯಲ್ಲಿಟ್ಟು ಸಮ ಎನ್ನಬೇಡ. ಸಿಟ್ಟಿನ ಭರದಲ್ಲಿ ಬಿದ್ದ ಏಟು ಬೇರೆ. ಆಮೇಲೆ ಪಡೆ ನುಗ್ಗಿಸಿ ಊರನ್ನು ಸುಲಿದು, ಜನ ಕಾಡು ಪಾಲಾಗುವಂತೆ ಮಾಡಿ, ತಿಂಗಳುಗಟ್ಟಲೆ ಕಾಗದ ಪತ್ರ ನಡೆಸಿ ಐವರನ್ನು ನೇಣಿಗೆ ಹಾಕಿದ ಸರ್ಕಾರದ ಕೆಲಸ ಬೇರೆ. ನನ್ನ ಮನಸ್ಸು ಈಸೂರಿನ ಕಡೆಗೇ. ಆದರೂ ಚರಿತ್ರೆಯಲ್ಲಿ ಸತ್ತವರನ್ನು ಆರಿಸಿಕೊಂಡು ಅಳುವ ಹಕ್ಕು ನಮಗಿಲ್ಲ.

ಉತ್ತರ ಪ್ರದೇಶದ ಚೌರಿ ಚೌರಾ ಬಗ್ಗೆ ಓದಿದ್ದೀಯಲ್ಲ? 1922ರಲ್ಲಿ ಅಲ್ಲಿ ಜನ ಠಾಣೆಗೆ ಬೆಂಕಿಯಿಟ್ಟು 20ಕ್ಕೂ ಹೆಚ್ಚು ಪೊಲೀಸರು ಸತ್ತರು. ಗಾಂಧೀಜಿ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದರು. ಮರುವರ್ಷ 19 ಜನರಿಗೆ ಗಲ್ಲು. ಆ ಊರಿನಲ್ಲಿ ಸತ್ತ ಪೊಲೀಸರಿಗೂ ಒಂದು ಸ್ಮಾರಕವಿದೆ, ಗಲ್ಲಿಗೇರಿದವರಿಗೂ ಒಂದಿದೆ. ಪೊಲೀಸರದ್ದನ್ನು ಕಟ್ಟಿಸಿದ್ದು ಬ್ರಿಟಿಷರು, ತಮ್ಮ ಲಾಭಕ್ಕೆ. ಸ್ವಾತಂತ್ರ್ಯ ಬಂದಮೇಲೂ ಅದನ್ನು ಕೆಡವದೆ ಉಳಿಸಿಕೊಂಡರಲ್ಲ, ಅದು ನನಗೆ ದೊಡ್ಡದು.

ನಾವು ಮರೆತದ್ದು ಅವರಿಬ್ಬರನ್ನಷ್ಟೇ ಅಲ್ಲ. ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಹೆಂಗಸರಿಗೂ ಜೀವಾವಧಿ ಶಿಕ್ಷೆಯಾಗಿತ್ತು. ನಮ್ಮ ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಆರತಿ ಎತ್ತುವ ಕೆಲಸ ಮಾತ್ರ ಇತ್ತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನೀನೂ ಬೀದಿಗಿಳಿಯುವ ವಯಸ್ಸಿನವಳು. ಇಳಿ, ನಾನು ತಡೆಯುವುದಿಲ್ಲ. ನಿನ್ನ ಅಮ್ಮನಿಗೂ ನಾನೇ ಹೇಳುತ್ತೇನೆ. ಬ್ಯಾರಿಕೇಡಿನ ಆಚೆ ನಿಂತ ಪೇದೆಯ ಮುಖವನ್ನೂ ಒಮ್ಮೆ ನೋಡು. ಬಳ್ಳಾರಿಯಿಂದಲೋ ಹಾವೇರಿಯಿಂದಲೋ ಬಂದ, ನಿನ್ನದೇ ವಯಸ್ಸಿನ ಹುಡುಗ ಇರಬಹುದು.

ಭಾಷಣ ನೀನೇ ಬರಿ. ಬರೆದು ನನಗೆ ಕಳಿಸಿದರೆ ಕಾಗುಣಿತ ತಿದ್ದಿಕೊಡುತ್ತೇನೆ, ಅಷ್ಟೇ. ರಜೆಗೆ ಬಂದಾಗ ಇಬ್ಬರೂ ಈಸೂರಿಗೆ ಹೋಗೋಣ. ಸ್ಮಾರಕದ ಮುಂದೆ ನೀನು ಐವರ ಹೆಸರು ಓದು. ಉಳಿದ ಇಬ್ಬರದ್ದು ಕಲ್ಲಿನ ಮೇಲಿಲ್ಲದಿದ್ದರೂ ನಾನು ಹೇಳುತ್ತೇನೆ.

ನಿನ್ನ ದೊಡ್ಡಪ್ಪ