ಚಿಕ್ಕೋಡಿಯಿಂದ ಡೆಟ್ರಾಯಿಟ್‌ಗೆ

ತೀರ್ಥರೂಪ ಅಪ್ಪನಿಗೆ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಡೆಟ್ರಾಯಿಟ್‌ನಿಂದ ಅಮೆರಿಕದ ಸಂಸತ್ತಿಗೆ ಗೆದ್ದ ಶ್ರೀ ಥಾಣೇದಾರ್ ನಮ್ಮ ಚಿಕ್ಕೋಡಿಯವರೇ ಹೌದಾ ಅಂತ ಕೇಳಿದ್ದಿರಿ. ಹೌದಪ್ಪಾ. 1955ರಲ್ಲಿ ಹುಟ್ಟಿದ್ದು ಅಲ್ಲೇ, ಬೆಳೆದದ್ದು ಬೆಳಗಾವಿಯಲ್ಲಿ. ಮನೆಮಾತು ಮರಾಠಿ. ಬಡತನದಲ್ಲೇ ಓದಿ, ಮುಂಬೈನಲ್ಲಿ ಎಂ.ಎಸ್ಸಿ. ಮುಗಿಸಿ, 1979ರಲ್ಲಿ ಅಮೆರಿಕಕ್ಕೆ ಬಂದರು. ಓಹಾಯೋದ ಆಕ್ರನ್‌ನಲ್ಲಿ ರಸಾಯನಶಾಸ್ತ್ರದ ಪಿಎಚ್.ಡಿ. ಮಾಡಿದರು.

ಆಮೇಲೆ ಸೇಂಟ್ ಲೂಯಿಸ್‌ನಲ್ಲಿ ಸಾಲ ಮಾಡಿ ಕೆಮಿರ್ ಅನ್ನೋ ಪುಟ್ಟ ಲ್ಯಾಬ್ ಕೊಂಡರು. ಇಂಥ ಲ್ಯಾಬಿನ ಕೆಲಸ ಏನು ಗೊತ್ತಾ? ಯಾವುದೋ ಕಂಪನಿಯ ಪ್ಲಾಸ್ಟಿಕ್ ಸಾಮಾನು ಬಿರುಕು ಬಿಡುತ್ತದೆ, ಔಷಧದ ಬಣ್ಣ ಬದಲಾಗುತ್ತದೆ. ಅದರಲ್ಲಿ ಏನೇನು ಬೆರೆತಿದೆ ಅಂತ ಪತ್ತೆ ಹಚ್ಚಿ ಕಾರಣ ಹೇಳಬೇಕು. ವ್ಯಾಪಾರ ಚೆನ್ನಾಗಿ ಬೆಳೆಯಿತು. ಮತ್ತೆ ಸಾಲ ತೆಗೆದು ಬೇರೆ ಕಂಪನಿಗಳನ್ನೂ ಕೊಂಡರು. 2008ರ ಕುಸಿತದ ನಂತರ ಸಾಲ ತೀರಿಸಲಾಗದೆ, 2010ರಲ್ಲಿ ಎಲ್ಲ ಬ್ಯಾಂಕಿನ ಪಾಲಾಯಿತು. ಆಗ ಅವರಿಗೆ 55 ವರ್ಷ! ಅದೇ ವರ್ಷ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಅವೊಮೀನ್ ಅಂತ ಹೊಸ ಲ್ಯಾಬ್ ಶುರು ಮಾಡಿದರು. 2016ರಲ್ಲಿ ಅದರ ಹೆಚ್ಚಿನ ಪಾಲು ಮಾರಿದರು. ಆ ವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಹೊರಡೋದು ಸುಮ್ನೆ ಮಾತಲ್ಲ.

2010ರಲ್ಲಿ ಆ ಹಳೆಯ ಕಂಪನಿ ಮುಳುಗಿದಾಗ ನ್ಯೂಜೆರ್ಸಿಯ ಅವರ ಲ್ಯಾಬಿನಲ್ಲಿ ಪ್ರಯೋಗಕ್ಕಿಟ್ಟಿದ್ದ ನೂರಕ್ಕೂ ಹೆಚ್ಚು ನಾಯಿ, ಕೋತಿಗಳು ಬೀಗ ಹಾಕಿದ ಕಟ್ಟಡದಲ್ಲೇ ಉಳಿದವು. ಆಗ ಎಲ್ಲ ಬ್ಯಾಂಕಿನ ಕೈಯಲ್ಲಿತ್ತು ಅಂತ ಅವರು ಹೇಳುತ್ತಾರೆ. ಆದರೂ ಚುನಾವಣೆ ಬಂದಾಗ ಆ ಮಾತು ಏಳುತ್ತದೆ. ಏಳಬೇಕಾದ್ದೇ.

2018ರಲ್ಲಿ ಮಿಷಿಗನ್ ರಾಜ್ಯದ ಗವರ್ನರ್ ಆಗಲು ಸ್ವಂತದ್ದೇ ಸುಮಾರು 1 ಕೋಟಿ ಡಾಲರ್ ಸುರಿದರು. ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲೇ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲೇ, ಮೂರನೆಯವರಾದರು, ಗ್ರೆಚನ್ ವಿಟ್ಮರ್ ಗೆದ್ದರು. ಥಾಣೇದಾರ್ ಬಿಡಲಿಲ್ಲ. ಡೆಟ್ರಾಯಿಟ್‌ನಿಂದ ನಿಂತು 2020ರಲ್ಲಿ ರಾಜ್ಯದ ಶಾಸಕರಾದರು, 2022ರಲ್ಲಿ 13ನೇ ಕ್ಷೇತ್ರದಿಂದ ಅಮೆರಿಕದ ಸಂಸತ್ತಿಗೆ ಹೋದರು. 2024ರಲ್ಲಿ ಮತ್ತೆ ಗೆದ್ದರು.

ಇಲ್ಲಿ ಕಪ್ಪು ಜನರೇ ಜಾಸ್ತಿ. 1955ರಿಂದ ಈ ಊರಿಗೆ ಅವರವರೇ ಒಬ್ಬರಾದರೂ ಸಂಸದರಿದ್ದರು. ಇವರು ಗೆದ್ದ ಸಲ ಅದು ತಪ್ಪಿತು. ಆ ನೋವು ನನಗೆ ಅರ್ಥವಾಗುತ್ತದೆ. ಕೈಯಲ್ಲಿ ದುಡ್ಡಿಲ್ಲದ ಊರಿನವರು ಟಿ.ವಿ. ಜಾಹೀರಾತಿನಲ್ಲಿ ಇವರಿಗೆ ಸರಿಸಮ ನಿಲ್ಲೋದು ಹೇಗೆ, ಹೇಳಿ? ನಮ್ಮ ಜಿಲ್ಲೆಯವರು ಅಂತ ನನಗೂ ಹೆಮ್ಮೆ ಇದೆ. ಆದರೆ ಆ ಹೆಮ್ಮೆ ಅವರು ಎರಡು ಸಲ ಕಟ್ಟಿದ ಲ್ಯಾಬುಗಳ ಬಗ್ಗೆ. ಚುನಾವಣೆಯ ಖರ್ಚು ನನಗೆ ಒಪ್ಪಿಗೆಯಿಲ್ಲ. ನಿಮ್ಮ ಗೆಳೆಯರು ಕೇಳಿದರೆ ಎರಡೂ ಹೇಳಿ.

ಅವ್ವನ ಕಣ್ಣಿನ ಆಪರೇಷನ್ ಯಾವಾಗ ಅಂತ ಬರೆಯಿರಿ.

ಇಂತಿ ನಿಮ್ಮ ಮಗ,
ಬಸವರಾಜ