‘ಚೆನ್ನಾಗಿದ್ದಾನೆ ಸಾರ್’ ಅಂದಿದ್ದಕ್ಕೆ ಹೋದ ಅಂಕ

ಮಾನ್ಯರೇ,

ನನ್ನ ತಮ್ಮನಿಗೆ 23 ವರ್ಷ. ಆಟಿಸಂ ಇದೆ, ಅಂದರೆ ಮಾತು, ಜನರ ಜೊತೆಗಿನ ಒಡನಾಟ ಎಲ್ಲರ ಹಾಗೆ ಬರುವುದಿಲ್ಲ. ಕೋಲಾರದ ಟೊಮೆಟೊ ಮಂಡಿಗೆ ಚಿಕ್ಕಪ್ಪನ ಜೊತೆ ಹೋಗಿ ಬಾಕ್ಸ್ ಎಣಿಸುತ್ತಾನೆ. ಮುನ್ನೂರು ಬಾಕ್ಸ್ ಇದ್ದರೂ ಒಂದೂ ತಪ್ಪುವುದಿಲ್ಲ. ಒಂದು ದಿನ ಯಾರೋ ತಮಾಷೆಗೆ, ‘ಇವೆಲ್ಲಾ ನಿಂದೇ ಕಣೋ, ತಗೊಂಡ್ ಹೋಗು’ ಅಂದರು. ಇವನು ನಿಜ ಅಂದುಕೊಂಡ. ಯಾರದೋ ಬಾಕ್ಸ್‌ಗಳನ್ನು ಒಂದೊಂದಾಗಿ ನಮ್ಮ ಗಾಡಿಗೆ ಏರಿಸತೊಡಗಿದ. ಜನ ಕಳ್ಳ ಅಂತ ಕೊರಳಪಟ್ಟಿ ಹಿಡಿದರು. ಚಿಕ್ಕಪ್ಪ ಟೀ ಕುಡಿಯುತ್ತಿದ್ದವರು ಲೋಟ ಬಿಟ್ಟು ಓಡಿಬಂದರು. ಇವನ ಬಾಯಲ್ಲಿ ಒಂದೇ ಮಾತು, ‘ಹದಿನಾಲ್ಕು ಆಯ್ತು, ಹದಿನಾಲ್ಕು ಆಯ್ತು.’

ಅಂಗವಿಕಲತೆ ಪ್ರಮಾಣಪತ್ರಕ್ಕೆಂದು ಹೋದ ದಿನ ಇದನ್ನು ನಾವು ಹೇಳಲೇ ಇಲ್ಲ. ‘ಮಾತಾಡ್ತಾನಾ? ಹೊರಗೆ ಹೋಗ್ತಾನಾ? ಜನರ ಜೊತೆ ಹೊಂದಿಕೊಳ್ತಾನಾ?’ ಎಂದು ವೈದ್ಯರು ಕೇಳಿದರು. ಅಮ್ಮ ಎಲ್ಲದಕ್ಕೂ ‘ಹೂಂ ಸಾರ್, ಚೆನ್ನಾಗಿದ್ದಾನೆ, ಮಾತು ಸ್ವಲ್ಪ ಕಮ್ಮಿ ಅಷ್ಟೇ’ ಅಂದಳು. ಅವಳನ್ನು ಹೇಗೆ ಬೈಯೋದು? ನೆಂಟರ ಮುಂದೆ, ಬೀದಿಯವರ ಮುಂದೆ, ನನ್ನನ್ನು ನೋಡಲು ಬಂದ ಗಂಡಿನ ಕಡೆಯವರ ಮುಂದೆ ಇಪ್ಪತ್ತು ವರ್ಷ ಇದೇ ಮಾತು ಹೇಳಿಕೊಂಡು ಬಂದಿದ್ದಾಳೆ. ಆವತ್ತು ಗುರುತಿಲ್ಲದ ನಾಲ್ಕು ಜನರ ಎದುರು, ಮಗನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಬೇರೆ ಮಾತು ಬಾಯಿಗೆ ಬರುತ್ತಾ?

ಆಟಿಸಂ ಅಳೆಯುವ ಪಟ್ಟಿಯಲ್ಲಿ ಅದರ 40 ಲಕ್ಷಣಗಳಿವೆ. ಮೊದಲ 9 ಪೂರ್ತಿ ಜನರ ಜೊತೆಗಿನ ಒಡನಾಟದ ತೊಂದರೆಗಳೇ. ಒಂದೊಂದಕ್ಕೂ 1ರಿಂದ 5 ಅಂಕ. ಅಪರೂಪಕ್ಕೆ ಕಂಡರೆ 1, ಯಾವಾಗಲೂ ಇದ್ದರೆ 5. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ ಅಂತಲೇ ಲೆಕ್ಕ. ತಮ್ಮನಿಗೆ ಬಂದಿದ್ದು 68. ಅಂಗವಿಕಲರ ಗುರುತಿನ ಕಾರ್ಡೂ ಇಲ್ಲ, ಮಾಸಾಶನವೂ ಇಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ ನಿಜ. ಆದರೆ ಆ ಕಾಯ್ದೆಗೂ ನಮ್ಮ ಮನೆಗೂ ನಡುವೆ ಅಮ್ಮನ ಸಂಕೋಚ ಇತ್ತು. ವೈದ್ಯರನ್ನೂ ದೂರುತ್ತಿಲ್ಲ, ಹೊರಗಿನ ಸಾಲು ಗೇಟಿನವರೆಗೆ ಇತ್ತು.

ಈಗ ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ. ‘ಬೆರೆಯುವುದು ಕಷ್ಟ’ ಅಂತ ಬರೆಯುವುದನ್ನು ಬಿಟ್ಟೆ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಆಗಿದ್ದನ್ನು ಆದ ಹಾಗೆ ಬರೆಯುತ್ತೇನೆ. ಶ್ರೀನಿವಾಸಪುರದ ಬಸ್ಸಿನಲ್ಲಿ ಇವನಿಗೆ ಎಡಗಡೆ ಮೂರನೇ ಕಿಟಕಿ ಸೀಟೇ ಬೇಕು. ಅಲ್ಲಿ ಬೇರೆಯವರಿದ್ದರೆ ಮಾತಾಡದೆ ಅವರ ಮುಂದೆಯೇ ನಿಂತುಬಿಡುತ್ತಾನೆ. ಹೆಂಗಸರು ಕೂತಿದ್ದರೆ ಏನಾಗುತ್ತೆ, ನೀವೇ ಊಹಿಸಿ. ಕಂಡಕ್ಟರ್ ಚಿಲ್ಲರೆ ಕೊಡದಿದ್ದರೆ ಕೇಳುವುದಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ಕೈಹಿಡಿದು ಎಲೆ ಮುಂದೆ ಕೂರಿಸದಿದ್ದರೆ ಹಸಿದುಕೊಂಡೇ ವಾಪಸ್ ಬರುತ್ತಾನೆ. ಪ್ರತಿ ಸಲ ಜೊತೆಗೆ ಯಾರಿದ್ದರು ಅನ್ನೋದನ್ನೂ ಬರೆಯುತ್ತೇನೆ. ಹೀಗೆ ಬರೆಯುವಾಗಲೇ ನನಗೂ ಗೊತ್ತಾಗಿದ್ದು, ‘ಒಬ್ಬನೇ ಹೋಗಿಬರ್ತಾನೆ’ ಅಂತ ನಾವು ಹೇಳುತ್ತಿದ್ದ ದಿನಗಳಲ್ಲೂ ಹಿಂದೆ ಯಾರೋ ಒಬ್ಬರು ಇದ್ದೇ ಇರುತ್ತಿದ್ದರು. ಇದರಲ್ಲಿ ಒಂದಕ್ಷರ ಸುಳ್ಳು ಸೇರಿಸಿಲ್ಲ. ಸೇರಿಸುವ ಅಗತ್ಯವೂ ಇಲ್ಲ.

ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರೂ ವಿಕಲಚೇತನರೇ, ಇಂಥ ಸಂಕೋಚ ಅವರಿಗೆ ಅರ್ಥವಾಗುತ್ತೆ. ತಪಾಸಣೆಗೆ ಮುಂಚೆ ಅವರು ಒಂದು ಸಂಜೆ ಮನೆಗೆ ಬಂದು, ಮನೆಯವರು ಹೇಳಿದ್ದನ್ನು ಒಂದು ಪುಟ ಕನ್ನಡದಲ್ಲಿ ಬರೆದು ಅರ್ಜಿಗೆ ಲಗತ್ತಿಸುವಂತೆ ಇಲಾಖೆ ಹೇಳಬಾರದೇ? ಪ್ರಶ್ನೆ ಒಂದೇ ಸಾಕು: ಜೊತೆಗೆ ಯಾರೂ ಇಲ್ಲದಿದ್ದಾಗ ಏನಾಗುತ್ತೆ?

ಮರು ತಪಾಸಣೆಗೆ ಅರ್ಜಿ ಹಾಕಿದ್ದೇವೆ. ತಾರೀಖು ಇನ್ನೂ ಬಂದಿಲ್ಲ. ಈ ಸಲ ನೋಟ್‌ಬುಕ್ ಓದೋದು ನಾನು, ಅಮ್ಮ ಹೊರಗೆ ಕೂರುತ್ತಾಳೆ.

– ಒಬ್ಬ ಅಕ್ಕ, ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ