ಭಾನುವಾರದ ಓದು: 23ನೇ ಕೀರ್ತನೆ

ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆಗಳು.

ಭಾನುವಾರ ಸಂಜೆಯ ಕೂಟಕ್ಕೆ ಬೈಬಲಿನ 23ನೇ ಕೀರ್ತನೆ ಓದಿಕೊಂಡು ಬನ್ನಿ. ‘ಯೆಹೋವನು ನನಗೆ ಕುರುಬನು’ ಎಂದು ಶುರುವಾಗುವ ಆರೇ ವಚನ. ಬಾಯಿಪಾಠ ಇರುವವರೂ ದಯವಿಟ್ಟು ಪುಸ್ತಕ ತೆರೆದೇ ಓದಿ.

ಮೊನ್ನೆ ಮಳವಳ್ಳಿ ರಸ್ತೆಯಲ್ಲಿ ಬಂಡೂರು ಕುರಿಗಳ ಮಂದೆ ಸಿಕ್ಕಿತು. ಕಾಯುವವರು ಕೋಲು ಹಿಡಿದು ಹಿಂದೆ ಬರುತ್ತಿದ್ದರು. ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಹಾಗಲ್ಲ. ಅಲ್ಲಿ ಕುರುಬ ಮುಂದೆ ನಡೆಯುತ್ತಾನೆ, ಕುರಿಗಳು ಅವನ ದನಿ ಗುರುತಿಸಿ ಹಿಂದೆ ಹೋಗುತ್ತವೆ. ಮುಂದಿರುವ ಹಳ್ಳ, ಮುಳ್ಳು ಎಲ್ಲ ಮೊದಲು ಸಿಗುವುದು ಅವನಿಗೇ ಅಲ್ವಾ!

ಜೊತೆಗೆ ಮಾರ್ಕನ ಸುವಾರ್ತೆಯ 6ನೇ ಅಧ್ಯಾಯದ 30ರಿಂದ 44ನೇ ವಚನಗಳನ್ನೂ ಓದಿ. ನನಗೆ ಬಹಳ ಇಷ್ಟವಾದ ಭಾಗ ಇದು. ಜನರು ಕುರುಬನಿಲ್ಲದ ಕುರಿಗಳ ಹಾಗಿದ್ದಾರೆಂದು ಯೇಸುಸ್ವಾಮಿ ಮರುಗುತ್ತಾರೆ. ಮೊದಲು ಬೋಧಿಸುತ್ತಾರೆ, ಆಮೇಲೆ 5 ರೊಟ್ಟಿ, 2 ಮೀನು. ಊಟಕ್ಕೆ ಕೂರಿಸುವುದು ಹಸಿರು ಹುಲ್ಲಿನ ಮೇಲೆ. ಈ ಘಟನೆ ನಾಲ್ಕೂ ಸುವಾರ್ತೆಗಳಲ್ಲಿದೆ, ಆದರೆ ‘ಹಸಿರು’ ಎಂದು ಬರೆದವನು ಮಾರ್ಕ ಒಬ್ಬನೇ. ಕೀರ್ತನೆಯ ಹಸಿರುಗಾವಲು ನೆನಪಾಗುವುದಿಲ್ಲವೇ?

ಕೀರ್ತನೆಯ ಮೊದಲ ವಚನದ ‘ಕೊರತೆಪಡೆನು’, ಅಂದರೆ ನನಗೇನೂ ಕೊರತೆಯಾಗದು, ಎಂಬ ಮಾತಿನ ಮೇಲೆ ಜಾಸ್ತಿ ಹೊತ್ತು ಮಾತಾಡೋಣ. ಕೆಲಸ ಹೋಗಿದ್ದ ವರ್ಷ ಆ ಮಾತು ಹೇಳಲು ನನಗೆ ನಾಲಿಗೆಯೇ ಏಳುತ್ತಿರಲಿಲ್ಲ. ಆದರೂ ಮನೆಯಲ್ಲಿ ಒಂದು ದಿನವೂ ಒಲೆ ಹೊತ್ತದೆ ಇರಲಿಲ್ಲ. ಅಕ್ಕಿ ತಂದುಕೊಟ್ಟವರು ಈ ಗುಂಪಿನಲ್ಲೇ ಇದ್ದೀರಿ. ನಿಮ್ಮ ಜೀವನದಲ್ಲೂ ಹೀಗೆ ನಡೆದಿದ್ದರೆ ಸಂಕೋಚವಿಲ್ಲದೆ ಹೇಳಿ.

ಕಣ್ಣು ಮಂಜಾದ ಹಿರಿಯರಿಗೆ ಎರಡೂ ಭಾಗಗಳನ್ನು ಓದಿ, ಶನಿವಾರ ರಾತ್ರಿ ಇಲ್ಲೇ ಆಡಿಯೋ ಹಾಕುತ್ತೇನೆ.